ಸಾರವಾಡದಲ್ಲೊಂದು ಜಾಲತಾಣ ಸಮ್ಮೇಳನ

ಉಪಕರಣವು ಪುಕ್ಕಟೆಯಾಗಿ ದೊರೆತ ಮಾತ್ರಕ್ಕೆ ನಮ್ಮದಾಗುವದಿಲ್ಲ. ಅದನ್ನು ಬಳಸುವವರು ಒಂದೆಡೆ ಕೂಡಿ, ತಿಳಿದುದನ್ನು ಪರಸ್ಪರ ತಿಳಿಸಿ, ತಿಳಿಯದುದನ್ನು ಸಂಕೋಚವಿಲ್ಲದೆ ಕೇಳಿ, ತಮ್ಮ ನುಡಿಯಲ್ಲಿಯೇ ಅದರ ಮರ್ಮವನ್ನು ಅರಿತುಕೊಂಡಾಗ ಮಾತ್ರ ಅದು ನಾಡಿನ ಸ್ವತ್ತಾಗುತ್ತದೆ. ಜಾಲತಾಣಗಳನ್ನು ಕಟ್ಟುವ ತಂತ್ರಾಂಶಗಳ ವಿಷಯದಲ್ಲಿ ಕನ್ನಡ ನಾಡು, ಅದರಲ್ಲಿಯೂ ಉತ್ತರದ ಜಿಲ್ಲೆಗಳು, ಈ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳುವ ಕಾಲವು ಬಂದಿದೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲೂಕಿನ ಸಾರವಾಡದಂಥ ಊರಲ್ಲಿ ಜಾಲತಾಣ ತಂತ್ರಾಂಶ ಬಳಸುವವರ ಸಮ್ಮೇಳನವೊಂದನ್ನು ಕೂಡಿಸಬೇಕೆಂಬುದು ನಮ್ಮ ಸೂಚನೆ. ಇದನ್ನು ಓದಿ ಕೆಲವರು ನಕ್ಕಾರು. ನಗುವ ಮೊದಲು ನಮ್ಮ ಕಾರಣಗಳನ್ನು ಕೇಳಬೇಕೆಂದು ವಿನಂತಿ.

ಸಮ್ಮೇಳನ ನಮಗೆ ಹೊಸತಲ್ಲ

ಸಮ್ಮೇಳನ ಕೂಡಿಸುವ ವಿದ್ಯೆಯನ್ನು ಕನ್ನಡಿಗರಿಗೆ ಹೊರಗಿನಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. 1907ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನವನ್ನು ನೆರೆಯಿಸಿದಾಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಒಂದೇ ನುಡಿಯಲ್ಲಿ ಬರೆಯುವವರು ಒಬ್ಬರ ಮುಖವನ್ನೊಬ್ಬರು ಕಾಣುವದೇ ಅಪೂರ್ವವಾಗಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1923ರಲ್ಲಿ ಅಂದಿನ ವಿಜಾಪುರದಲ್ಲಿಯೇ, ಸಿದ್ಧಾಂತಿ ಶಿವಶಂಕರ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ, ಒಂಬತ್ತನೆಯ ಸಾಹಿತ್ಯ ಸಮ್ಮೇಳನವು ಜರುಗಿತು. ತೊಂಬತ್ತು ವರ್ಷಗಳ ತರುವಾಯ, 2013ರಲ್ಲಿ, ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಎಪ್ಪತ್ತೊಂಬತ್ತನೆಯ ಸಮ್ಮೇಳನವೂ ಅದೇ ನಗರದಲ್ಲಿ ನೆರೆಯಿತು. ಸ್ವಾಗತ ಸಮಿತಿ, ವರ್ಗಣಿ, ಸ್ವಯಂಸೇವಕರು, ಊಟದ ವ್ಯವಸ್ಥೆ, ಠರಾವು, ಜಮಾಖರ್ಚು ಇವೆಲ್ಲ ನಮ್ಮ ಊರ ಹಿರಿಯರಿಗೆ ಕರತಲಾಮಲಕವಾದ ಸಂಗತಿಗಳು.

ಅಂದಿನ ಸಮ್ಮೇಳನಗಳು ನುಡಿಗಾಗಿ ನೆರೆದುವು. ಇಂದು ನುಡಿಯು ಗ್ರಂಥದಲ್ಲಿ ಎಷ್ಟು ವಾಸಿಸುತ್ತದೆಯೋ ಜಾಲತಾಣದಲ್ಲಿಯೂ ಅಷ್ಟೇ ವಾಸಿಸುತ್ತದೆ. ಶಾಲೆಯ ಪ್ರವೇಶದ ಪ್ರಕಟನೆ, ಸಹಕಾರಿ ಸಂಘದ ವಾರ್ಷಿಕ ವರದಿ, ಜಾತ್ರೆಯ ಕಾರ್ಯಕ್ರಮ, ಒಣದ್ರಾಕ್ಷಿಯ ಧಾರಣೆ, ಗ್ರಂಥಾಲಯದ ಪುಸ್ತಕಗಳ ಯಾದಿ ಇವುಗಳನ್ನು ಜನರು ಈಗ ಅಂಗೈಯಗಲದ ಯಂತ್ರದಲ್ಲಿ ಹುಡುಕುತ್ತಾರೆ. ಹುಡುಕಿದವರಿಗೆ ಅದು ಕನ್ನಡದಲ್ಲಿ, ಸರಿಯಾಗಿ, ಸಕಾಲದಲ್ಲಿ ದೊರೆಯುವಂತೆ ನೋಡಿಕೊಳ್ಳುವ ಕೆಲಸಗಾರರು ಎಲ್ಲ ಊರುಗಳಲ್ಲಿಯೂ ಒಬ್ಬಿಬ್ಬರು ಇದ್ದಾರೆ. ಆದರೆ ಅವರು ಪರಸ್ಪರರನ್ನು ಅರಿಯರು. 1907ರ ಗ್ರಂಥಕರ್ತರ ಸ್ಥಿತಿಯೇ ಇಂದು ಇವರದು.

ಅಚ್ಚಿನ ಮನೆಯ ಪಾಠ

ವಿಜಯಪುರದ ಜನಕ್ಕೆ ಈ ವಿಷಯದಲ್ಲಿ ಒಂದು ಪಾಠವು ತಮ್ಮ ಮನೆಯಲ್ಲಿಯೇ ಇದೆ. ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿದ ಓಲೆಗರಿಗಳಿಂದ ಸಿದ್ಧಪಡಿಸಿದ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನ್ಯರ ಅಚ್ಚಿನ ಮನೆಯನ್ನು ನಂಬಿ ಜೀವಮಾನದ ಕೆಲಸವನ್ನು ಮಾಡಲಾಗದೆಂದು ಕಂಡು ಅವರು ಇದ್ದ ಮನೆಯನ್ನು ಮಾರಿ, 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ವಿಜಾಪುರದಲ್ಲಿ ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟುವು. ತನ್ನ ಮಾತನ್ನು ಅಚ್ಚು ಮಾಡುವ ಯಂತ್ರವು ಪರರ ಕೈಯಲ್ಲಿರುವವರೆಗೆ ಮಾತೂ ಪರಾಧೀನವೆಂಬುದನ್ನು ಆ ಮಹನೀಯರು ಮನಗಂಡಿದ್ದರು.

ಇಂದಿನ ಅಚ್ಚಿನ ಮನೆಯೆಂದರೆ ಜಾಲತಾಣ. ಅದರ ಸ್ಥಿತಿಯನ್ನು ನಮ್ಮ ತಾಲೂಕಿನ ಊರುಗಳಲ್ಲಿ ಒಮ್ಮೆ ವಿಚಾರಿಸಿ ನೋಡಬೇಕು. ಸಂಸ್ಥೆಯ ಹೆಸರಿನಲ್ಲಿ ತಾಣವಿರುತ್ತದೆ. ಆದರೆ ತಾಣದ ವಿಳಾಸವು ಅದನ್ನು ಕಟ್ಟಿಕೊಟ್ಟ ಗುತ್ತಿಗೆದಾರನ ಹೆಸರಿನಲ್ಲಿ ದಾಖಲಾಗಿರುತ್ತದೆ. ಗುಪ್ತಪದವು ಆತನೊಬ್ಬನಿಗೇ ಗೊತ್ತು. ವರ್ಷವರ್ಷವೂ ತೆರಬೇಕಾದ ಬಾಡಿಗೆಯ ನೆನಪು ಯಾರಿಗೂ ಇರುವದಿಲ್ಲ. ಗುತ್ತಿಗೆದಾರನು ಊರು ಬಿಟ್ಟನೆಂದರೆ ತಾಣವು ಒಂದು ದಿನ ಸದ್ದಿಲ್ಲದೆ ಮಾಯವಾಗುತ್ತದೆ. ಹತ್ತು ವರ್ಷಗಳ ಛಾಯಾಚಿತ್ರಗಳು, ವರದಿಗಳು, ದಾನಿಗಳ ಯಾದಿ ಎಲ್ಲವೂ ಅದರೊಡನೆ ಹೋಗುತ್ತವೆ. ಬೆಂಕಿ ಬಿದ್ದು ದಫ್ತರ ಸುಟ್ಟರೆ ಊರೆಲ್ಲ ಮಮ್ಮಲ ಮರುಗುವದು. ಇಲ್ಲಿ ಸುಟ್ಟದ್ದೇ ಯಾರಿಗೂ ತಿಳಿಯುವದಿಲ್ಲ.

ಸರಕಾರಿ ಅಧಿಕಾರಿಗಳಿಗೂ ಈ ಮಾತು ಅನ್ವಯಿಸುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮಿನ ಮೇರೆಗೆ ಸಾರ್ವಜನಿಕ ಸಂಸ್ಥೆಗಳು ತಮ್ಮ ಕಾರ್ಯಕಲಾಪಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದು. ಪ್ರಕಟಿಸುವ ಕರ್ತವ್ಯವು ಕಚೇರಿಯದಾಗಿದ್ದು, ಪ್ರಕಟಿಸುವ ವಿದ್ಯೆಯು ಕಚೇರಿಯಲ್ಲಿ ಯಾರಿಗೂ ಇಲ್ಲದಿದ್ದರೆ ಕಾಯ್ದೆಯು ಕಾಗದದಲ್ಲಿಯೇ ಉಳಿಯುತ್ತದೆ.

ಪುಕ್ಕಟೆಯಾದರೂ ಸುಲಭವಲ್ಲ

ಹಳಕಟ್ಟಿಯವರು ಮನೆಯನ್ನು ಮಾರಿ ಯಂತ್ರವನ್ನು ಕೊಳ್ಳಬೇಕಾಯಿತು. ನಾವು ತಂತ್ರಾಂಶಕ್ಕಾಗಿ ಏನನ್ನೂ ಮಾರಬೇಕಾಗಿಲ್ಲ. ಲೋಕದ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲಾದವು ನಡೆಯುವದು 'ವರ್ಡ್‌ಪ್ರೆಸ್' ಎಂಬ ತಂತ್ರಾಂಶದಿಂದ. ಅದು ಯಾವ ಧನಿಕನ ಕಾರಖಾನೆಯಲ್ಲಿಯೂ ಹುಟ್ಟಲಿಲ್ಲ. ಮಿಶೆಲ್ ವಾಲ್ಡ್ರಿಗಿ ಎಂಬವನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ 'ಬಿ2' ಎಂಬ ತಂತ್ರಾಂಶದ ಬೆಳವಣಿಗೆಯು ನಿಂತುಹೋದಾಗ, ಅಮೇರಿಕೆಯ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಮ್ಯಾಟ್ ಮುಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಎಂಬಿಬ್ಬರು ಸಮುದ್ರದ ಆಚೀಚೆ ಕುಳಿತು ಅದನ್ನು ಮುಂದುವರಿಸಿದರು. 2003ರ ಮೇ 27ರಂದು ವರ್ಡ್‌ಪ್ರೆಸ್ಸಿನ ಮೊದಲ ಆವೃತ್ತಿಯು ಹೊರಬಿತ್ತು. ಬೆಲ್ಜಿಯಮಿನ ವಿದ್ಯಾರ್ಥಿ ಡ್ರೀಸ್ ಬೈಟಾರ್ಟನ 'ದ್ರುಪಲ್' ಅದಕ್ಕೂ ಮೊದಲು, 2001ರಲ್ಲಿಯೇ ಹೊರಟಿತ್ತು. ಇವುಗಳ ಲೈಸೆನ್ಸು ಉದಾರವಾದುದು: ಯಾರೂ ಬಳಸಬಹುದು, ಒಳಗಿನ ಬರಹವನ್ನು ಓದಿ ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು, ತಿದ್ದಿದುದನ್ನೂ ಹಂಚಬಹುದು, ಆದರೆ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡತಕ್ಕದ್ದು.

ಇಂಥ ಔದಾರ್ಯವು ಮನೆಯ ಬಾಗಿಲಿಗೆ ಬಂದಿರುವಾಗಲೂ ನಮ್ಮವರು ಪರಾಧೀನರಾಗಿರುವದೇಕೆ? ತಂತ್ರಾಂಶಕ್ಕೆ ಬೆಲೆಯಿಲ್ಲ, ಅದರ ತಿಳಿವಳಿಕೆಗೆ ಬೆಲೆಯುಂಟು. ಆ ತಿಳಿವಳಿಕೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ, ಮತ್ತು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿದೆ. ಜಾಲದಲ್ಲಿಯೇ ಪಾಠಗಳು ರಾಶಿಬಿದ್ದಿವೆಯಲ್ಲವೇ ಎಂದು ಕೆಲವರು ಕೇಳುವರು. ಇವೆ, ಆದರೆ ಪಾಠವು ಪ್ರಶ್ನೆಗೆ ಉತ್ತರ ಕೊಡುವದಿಲ್ಲ. ತಾನು ಎಲ್ಲಿ ಎಡವಿದೆನೆಂಬುದೇ ತಿಳಿಯದವನು ಏನೆಂದು ಹುಡುಕಬೇಕು? ಬಲ್ಲವನೊಬ್ಬನು ಮಗ್ಗುಲಲ್ಲಿ ಕುಳಿತು ಹತ್ತು ನಿಮಿಷಗಳಲ್ಲಿ ತೋರಿಸಿಕೊಡುವದನ್ನು ಒಂಟಿಯಾಗಿ ಕಲಿಯಲು ಹತ್ತು ದಿನಗಳಾದರೂ ಸಾಲವು.

ಕನ್ನಡಕ್ಕೆಂದೇ ಇರುವ ತೊಡಕೂ ಒಂದುಂಟು. ಹಳೆಯ ಗಣಕಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿ ಕೆಲಸ ನಡೆಸುತ್ತಿದ್ದರು. ಆ ಅಕ್ಷರಮಾಲೆಯಿಲ್ಲದ ಗಣಕದಲ್ಲಿ ತೆರೆದರೆ ಅದೇ ಬರಹವು ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ, ಹುಡುಕಿದರೆ ಸಿಕ್ಕುವದಿಲ್ಲ. ಯುನಿಕೋಡ್ ಎಂಬ ಲೋಕಮಾನ್ಯ ಸಂಕೇತದಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ವಂತದ ಮನೆ ದೊರೆತಿದ್ದರೂ, ನಮ್ಮ ಸಂಸ್ಥೆಗಳ ಹಳೆಯ ಕಡತಗಳು ಎಷ್ಟೋ ಇನ್ನೂ ಬಾಡಿಗೆಯ ಮನೆಯಲ್ಲಿಯೇ ಇವೆ. ಅವನ್ನು ಯುನಿಕೋಡಿಗೆ ತರುವ ಸಾಧನಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಈ ಕೆಲಸದ ಫಲವೇನೆಂಬುದಕ್ಕೆ 'ವಚನ ಸಂಚಯ' ಎಂಬ ಜಾಲತಾಣವು ಸಾಕ್ಷಿ. ಸ್ವಯಂಸೇವಕರು ಕಟ್ಟಿದ ಆ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಬಹುದು. ಹಳಕಟ್ಟಿಯವರು ಓಲೆಯಿಂದ ಅಚ್ಚಿಗೆ ತಂದ ಸಾಹಿತ್ಯವು ಅಚ್ಚಿನಿಂದ ಜಾಲಕ್ಕೆ ಬಂದುದು ಹೀಗೆ.

ಲೋಕದಲ್ಲಿ ನಡೆದಿರುವ ರೀತಿ

ವರ್ಡ್‌ಪ್ರೆಸ್ ಬಳಸುವವರ ಮೊದಲ ಸಮ್ಮೇಳನವು 2006ರ ಆಗಸ್ಟಿನಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ದಿನದ ಮಟ್ಟಿಗೆ ಕೂಡಿತು. 'ವರ್ಡ್‌ಕ್ಯಾಂಪ್' ಎಂಬುದು ಅದರ ಹೆಸರು. ಅಂದಿನಿಂದ ಇಂಥವು ಲೋಕದ ನಾನಾ ದೇಶಗಳಲ್ಲಿ ಸಾವಿರಕ್ಕೂ ಮೇಲಾಗಿ ನಡೆದಿವೆ. ಭಾರತದಲ್ಲಿ 2009ರಲ್ಲಿ ದಿಲ್ಲಿಯಲ್ಲಿ ಆರಂಭವಾಗಿ, ಮುಂಬಯಿ, ಪುಣೆಗಳಂಥ ಮಹಾನಗರಗಳಲ್ಲಷ್ಟೇ ಅಲ್ಲದೆ ಉದಯಪುರ, ನಾಶಿಕ, ನಾಗಪುರ, ನಮ್ಮ ಮಗ್ಗುಲ ಕೊಲ್ಹಾಪುರಗಳಲ್ಲಿಯೂ ಜರುಗಿವೆ. ದ್ರುಪಲಿನ ಏಷ್ಯಾ ಸಮ್ಮೇಳನವು 2016ರಲ್ಲಿ ಮುಂಬಯಿಯ ಐಐಟಿಯಲ್ಲಿ ನೆರೆಯಿತು. ವರ್ಡ್‌ಪ್ರೆಸ್ಸಿನ ಏಷ್ಯಾ ಸಮ್ಮೇಳನವು 2020ರಲ್ಲಿ ಬ್ಯಾಂಕಾಕಿನಲ್ಲಿ ಆಗಬೇಕಾದುದು ಕೋವಿಡ್ ಸಾಂಕ್ರಾಮಿಕದಿಂದ ತಪ್ಪಿ, 2023ರಲ್ಲಿ ಅಲ್ಲಿಯೇ ನಡೆಯಿತು. 2024ರಲ್ಲಿ ತೈಪೆ, 2025ರಲ್ಲಿ ಮನಿಲಾ. ಅದರ ಮುಂದಿನದಕ್ಕೆ ಮುಂಬಯಿಯನ್ನು ಗೊತ್ತುಪಡಿಸಲಾಯಿತು.

ಈ ಸಮ್ಮೇಳನಗಳ ಕಟ್ಟುಪಾಡುಗಳು ಅನುಕರಣೀಯವಾಗಿವೆ. ಊರಲ್ಲಿ ಮೊದಲು ಚಿಕ್ಕ ಕೂಟವೊಂದು ನಿಯಮದಿಂದ ಸೇರುತ್ತಿರಬೇಕು; ಆ ಕೂಟವು ನೆಲೆನಿಂತ ತರುವಾಯವೇ ಸಮ್ಮೇಳನಕ್ಕೆ ಅಪ್ಪಣೆ. ಸಂಘಟಕರಿಗೆ ಸಂಬಳವಿಲ್ಲ, ಭಾಷಣಕಾರರಿಗೆ ಸಂಭಾವನೆಯಿಲ್ಲ. ಪ್ರವೇಶದ ಹಣವು ಸಾಮಾನ್ಯನ ಕೈಗೆಟಕುವಂತಿರಬೇಕು. ಧನಸಹಾಯ ಮಾಡಿದ ವ್ಯಾಪಾರಿಯು ತನ್ನ ಮಳಿಗೆಯನ್ನು ಹೂಡಬಹುದು. ಆದರೆ ವೇದಿಕೆಯನ್ನು ಕೊಂಡುಕೊಳ್ಳಲಾರನು. ಸಮ್ಮೇಳನದ ಜೊತೆಗೆ ಒಂದು 'ಕೊಡುಗೆಯ ದಿನ'ವಿರುತ್ತದೆ. ಅಂದು ಎಲ್ಲರೂ ಕುಳಿತು ತಂತ್ರಾಂಶದ ಅನುವಾದ, ಕೈಪಿಡಿ, ದೋಷಪರಿಹಾರಗಳಲ್ಲಿ ತೊಡಗುತ್ತಾರೆ. ಉಂಡು ಹೋಗುವವರು ಕೈತೊಳೆಯುವ ಮೊದಲು ನಾಲ್ಕು ರೊಟ್ಟಿ ಬಡಿದಿಟ್ಟು ಹೋದಂತೆ.

ದೊಡ್ಡ ನಗರವಿಲ್ಲದೆ ಇದು ಸಾಗದೆಂಬವರು ರಾಜಸ್ಥಾನದ ಅಜಮೇರನ್ನು ನೋಡಬೇಕು. 2024ರಲ್ಲಿ ಅಲ್ಲಿಯ ಕಾರ್ಯಕರ್ತರು ವಿದ್ಯಾರ್ಥಿಗಳನ್ನು ಸಮ್ಮೇಳನಕ್ಕೆ ಕರೆಯುವ ಬದಲು ತಾವೇ ಕಾಲೇಜುಗಳಿಗೆ ಹೋಗಿ ವರ್ಡ್‌ಪ್ರೆಸ್ ಕಲಿಸಿದರು. ಆ ಪದ್ಧತಿಯನ್ನು ಮರುವರ್ಷವೇ ಅನ್ಯ ದೇಶದವರೂ ಅನುಸರಿಸತೊಡಗಿದರು. ನಮ್ಮಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. 2003ರ ಜೂನಿನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಬೆಳೆದುದು ಊರೂರುಗಳ ಕಮ್ಮಟಗಳಿಂದ. ಕರಾವಳಿಯ ಕಾಲೇಜುಗಳಲ್ಲಿ ಇಂಥ ಕಮ್ಮಟಗಳು ಎಡೆಬಿಡದೆ ನಡೆದುದರ ಫಲವಾಗಿ 2016ರಲ್ಲಿ ತುಳು ವಿಕಿಪೀಡಿಯವೇ ಉದಯಿಸಿತು. ನೂರಾರು ಜನ ಕೂಡಿದ ಒಂದು ದಿನದ ಸಂಭ್ರಮಕ್ಕಿಂತ ಇಪ್ಪತ್ತು ಜನ ತಿಂಗಳು ತಿಂಗಳು ಕೂಡಿದ ಕಮ್ಮಟವು ಹೆಚ್ಚು ಫಲಕಾರಿಯೆಂಬುದು ಇದರಿಂದ ವಿಶದವಾಗುತ್ತದೆ.

ಸಾರವಾಡವೇ ಏಕೆ?

ಸಾರವಾಡವು ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ಡೋಣಿಯ ಮಗ್ಗುಲಲ್ಲಿದೆ. ಜಿಲ್ಲೆಯ ನಗರದವರಿಗೆ ಹತ್ತಿರ. ಬಬಲೇಶ್ವರ, ತಿಕೋಟಾ ತಾಲೂಕುಗಳ ಹಳ್ಳಿಯವರಿಗೂ ಒಂದೇ ದಿನದಲ್ಲಿ ಬಂದು ಹೋಗಲು ಅನುಕೂಲ. ಆದರೆ ನಾವು ಸಾರವಾಡದ ಹೆಸರನ್ನು ಹೇಳುವದು ದಾರಿಯ ಅನುಕೂಲಕ್ಕಾಗಿ ಮಾತ್ರವಲ್ಲ. ಸಮ್ಮೇಳನವು ಬೆಂಗಳೂರಿನಲ್ಲಾದರೆ ತಂತ್ರಾಂಶ ಕಂಪನಿಗಳ ನೌಕರರು ಬರುತ್ತಾರೆ. ಅವರಿಗೆ ಬರಲು ಬೇರೆ ನೂರು ಸಭೆಗಳಿವೆ. ಸಾರವಾಡದಲ್ಲಾದರೆ ಪ್ರೌಢಶಾಲೆಯ ಗಣಕ ಶಿಕ್ಷಕರು, ಸಹಕಾರಿ ಸಂಘದ ಕಾರಕೂನರು, ಗ್ರಾಮ ಪಂಚಾಯತಿಯ ಗ್ರಂಥಪಾಲಕರು, ಒಣದ್ರಾಕ್ಷಿಯನ್ನು ದೂರದ ಪೇಟೆಗೆ ಕಳಿಸಿ ಅಡತಿಯವನ ಮಾತನ್ನೇ ಧಾರಣೆಯೆಂದು ನಂಬಬೇಕಾದ ತಿಕೋಟಾ ಸೀಮೆಯ ರೈತರು ಬರುತ್ತಾರೆ. ತನ್ನ ಮಾಲಿನ ಹೆಸರು, ಗುಣ, ಬೆಲೆಗಳನ್ನು ತನ್ನದೇ ತಾಣದಲ್ಲಿ ಸಾರಬಲ್ಲ ಒಕ್ಕಲಿಗನ ಸಂಗಡ ವ್ಯಾಪಾರಿಯು ಬೇರೆ ಧ್ವನಿಯಲ್ಲಿ ಮಾತಾಡುತ್ತಾನೆ. ಅಗತ್ಯವು ಎಲ್ಲಿ ಅತಿಶಯವೋ ಸಮ್ಮೇಳನವು ಅಲ್ಲಿ ಆಗಬೇಕು.

ಕಲಿಸುವವರಿಗೂ ಜಿಲ್ಲೆಯಲ್ಲಿ ಬರವಿಲ್ಲ. 1910ರಲ್ಲಿ ಹಳಕಟ್ಟಿಯವರ ಮುಂದಾಳುತನದಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ, ಅವರ ಹೆಸರಿನಲ್ಲಿಯೇ ನಡೆಯುವ ಇಂಜಿನಿಯರಿಂಗ್ ಕಾಲೇಜು ವಿಜಯಪುರದಲ್ಲಿದೆ. 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವೂ ಇದೆ. ಅಲ್ಲಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರು ವರ್ಷಕ್ಕೆ ಎರಡು ದಿನಗಳನ್ನು ಹಳ್ಳಿಗೆ ಕೊಟ್ಟರೆ ಅವರ ವಿದ್ಯೆಗೂ ಒರೆಗಲ್ಲು ದೊರೆತಂತಾಗುತ್ತದೆ.

ಕೂಡಿಸುವ ಬಗೆ

ಸಮ್ಮೇಳನಕ್ಕೆ ಮೊದಲು ಆರು ತಿಂಗಳ ಮಾಸಿಕ ಕೂಟಗಳು ನಡೆಯಲಿ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂದು ಕರೆಯಲ್ಪಡುತ್ತವೆ. ರವಿವಾರ ಅಲ್ಲಿ ಎರಡು ತಾಸು ಕುಳಿತರೆ ಹೆಸರು ಸಾರ್ಥಕವಾಗುವದು. ಈ ಕೂಟಗಳಿಗೆ ಯಾರು ತಪ್ಪದೆ ಬರುವರೋ ಅವರೇ ಸ್ವಾಗತ ಸಮಿತಿಯಾಗಲಿ. ಪ್ರತಿಷ್ಠೆಗಾಗಿ ಹೆಸರು ಕೊಟ್ಟು ಕೆಲಸಕ್ಕೆ ಬಾರದವರನ್ನು ಗೌರವದಿಂದ ಮುಂದಿನ ಸಾಲಿನಲ್ಲಿ ಕೂರಿಸೋಣ, ಸಮಿತಿಯಲ್ಲಿ ಬೇಡ.

ಕಾಲವನ್ನು ಒಕ್ಕಲುತನ ನೋಡಿ ಗೊತ್ತುಮಾಡಬೇಕು. ಮುಂಗಾರಿನ ಬಿತ್ತಿಗೆಯಲ್ಲಿ ಯಾರೂ ಬರಲಾರರು. ಹಿಂಗಾರಿ ಜೋಳದ ಬಿತ್ತಿಗೆ ಮುಗಿಯುವದು ಅಕ್ಟೋಬರಿನ ಸುಮಾರಿಗೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಆ ಮೇಲೆ ಸುಗ್ಗಿ, ದ್ರಾಕ್ಷಿಯ ಕೊಯ್ಲು, ಮಕ್ಕಳ ಪರೀಕ್ಷೆ. ಆದುದರಿಂದ ರಾಜ್ಯೋತ್ಸವದ ತಿಂಗಳಾದ ನವೆಂಬರಿನ ಉತ್ತರಾರ್ಧವೇ ಪ್ರಶಸ್ತ.

ಮೊದಲ ದಿನದ ಮುಂಜಾನೆ ಮೂರೇ ಉಪನ್ಯಾಸಗಳು ಸಾಕು: ತಾಣದ ಹೆಸರನ್ನೂ ಕೀಲಿಯನ್ನೂ ಸಂಸ್ಥೆಯ ಸ್ವಾಧೀನದಲ್ಲಿ ಇಟ್ಟುಕೊಳ್ಳುವದು ಹೇಗೆ; ತಾಣದ ಪ್ರತಿಯನ್ನು ವಾರವಾರ ತೆಗೆದಿಟ್ಟು, ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುತ್ತ, ಕಳ್ಳರಿಂದ ಕಾಯುವದು ಹೇಗೆ; ಹಳೆಯ ಕನ್ನಡ ಕಡತಗಳನ್ನು ಯುನಿಕೋಡಿಗೆ ತರುವದು ಹೇಗೆ. ಮಧ್ಯಾಹ್ನ ಉಪನ್ಯಾಸ ಬೇಡ. ಪ್ರತಿಯೊಂದು ಸಂಸ್ಥೆಯವರೂ ತಮ್ಮ ತಾಣವನ್ನು ಮೇಜಿನ ಮೇಲೆ ತೆರೆದಿಡಲಿ. ಬಲ್ಲವರು ಮಗ್ಗುಲಲ್ಲಿ ಕುಳಿತು ಅದರ ರೋಗಕ್ಕೆ ಅಲ್ಲಿಯೇ ಮದ್ದು ಮಾಡಲಿ. ಮಾತುಕತೆಯೆಲ್ಲ ಕನ್ನಡದಲ್ಲಿರಲಿ. ಅಗತ್ಯ ಬಿದ್ದಲ್ಲಿ ಇಂಗ್ಲಿಷ್ ಪದಗಳನ್ನು ಬಳಸುವದರಿಂದ ನುಡಿಯು ಕೆಡುವದಿಲ್ಲ. ವಿಷಯವನ್ನು ಇಂಗ್ಲಿಷಿಗೇ ಬಿಟ್ಟುಕೊಡುವದರಿಂದ ಕೆಡುತ್ತದೆ.

ಎರಡನೆಯ ದಿನವು ಅನುವಾದಕ್ಕೆ ಮೀಸಲು. ವರ್ಡ್‌ಪ್ರೆಸ್ಸಿನ ತೆರೆಯ ಮೇಲೆ ಕಾಣುವ ಒಂದೊಂದು ಸೂಚನೆಯನ್ನೂ ಯಾರೂ ಜಾಲದಲ್ಲಿಯೇ ಕನ್ನಡಕ್ಕೆ ತಂದು ಸಲ್ಲಿಸಬಹುದು. ಭಾಷೆಯ ಸಂಪಾದಕರು ನೋಡಿ ಒಪ್ಪಿದರೆ ಅದು ಲೋಕದ ಎಲ್ಲ ಕನ್ನಡ ತಾಣಗಳಿಗೂ ಸಲ್ಲುತ್ತದೆ. ಇಲ್ಲಿ ಪಂಡಿತರಿಗಿಂತ ಬಳಕೆದಾರರ ಕಿವಿಯು ಮುಖ್ಯ. ಪ್ರಕಟವಾಗುವ ಮೊದಲಿನ ಬರಹಕ್ಕೆ ಅಚ್ಚಿನ ಮನೆಯವರ 'ಕರಡು' ಎಂಬ ಮಾತು ಸಿದ್ಧವಾಗಿಯೇ ಇದೆ. 'ಪ್ರಕಟಿಸು', 'ಅಳಿಸು', 'ಉಳಿಸು' ಇವು ಮಕ್ಕಳಿಗೂ ತಿಳಿಯುವಂಥವು. ಪಾಸ್‌ವರ್ಡಿಗೆ 'ಗುಪ್ತಪದ' ಸಾಕೋ, ಪಾಸ್‌ವರ್ಡೇ ಇರಲೋ, ಪ್ಲಗಿನ್ ಎಂಬುದನ್ನು ಏನೆನ್ನಬೇಕು ಎಂಬ ಪ್ರಶ್ನೆಗಳನ್ನು ಸಾರವಾಡದ ಮೇಜಿನ ಸುತ್ತ ಕುಳಿತ ಶಿಕ್ಷಕರೂ ಕಾರಕೂನರೂ ಬಿಡಿಸಿದಷ್ಟು ಚೆನ್ನಾಗಿ ಯಾವ ಕೋಶವೂ ಬಿಡಿಸಲಾರದು.

ಖರ್ಚಿನ ಮಾತು ದೊಡ್ಡದಲ್ಲ. ಶಾಲೆಯ ಕೋಣೆ, ಸ್ಥಿರವಾದ ವಿದ್ಯುತ್ತು, ಜಾಲದ ಸಂಪರ್ಕ, ಎರಡು ಹೊತ್ತಿನ ಜೋಳದ ರೊಟ್ಟಿಯ ಊಟ. ಪಟ್ಟಣದ ಮಂಗಲ ಕಾರ್ಯಾಲಯ, ಹಾರ ತುರಾಯಿ, ಬೆಳ್ಳಿಯ ಫಲಕ ಇವು ಬೇಡವೇ ಬೇಡ. ವರ್ಗಣಿ ಕೊಟ್ಟವರ ಹೆಸರೂ, ಖರ್ಚಾದ ಪೈ ಪೈಯ ಲೆಕ್ಕವೂ ಎಂಟು ದಿನಗಳೊಳಗಾಗಿ ಸಮ್ಮೇಳನದ ತಾಣದಲ್ಲಿ ಪ್ರಕಟವಾಗಲಿ. ಜಾತಿ, ಪಕ್ಷಗಳ ಮಾತಿಗೆ ಬಾಗಿಲಲ್ಲಿಯೇ ತಡೆಯಿರಲಿ. ಹೆಣ್ಣುಮಕ್ಕಳು ನಿರ್ಭಯದಿಂದ ಬಂದು ಪ್ರಶ್ನೆ ಕೇಳುವಂತಿರಲಿ. 'ವರ್ಡ್‌ಕ್ಯಾಂಪ್' ಎಂಬ ಹೆಸರನ್ನು ಅದರ ಸಂಸ್ಥೆಯ ಒಪ್ಪಿಗೆಯಿಲ್ಲದೆ ಬಳಸಲಾಗದು. ಮೊದಲ ವರ್ಷ ನಮ್ಮದೇ ಹೆಸರಿನಿಂದ ಆಗಲಿ. ಕೂಟವು ಬೇರು ಬಿಟ್ಟರೆ ಆ ಒಪ್ಪಿಗೆಯನ್ನೂ ಪಡೆಯೋಣ.

ಅಳೆಯುವ ಕೋಲು

ನಮ್ಮ ನಾಡಿನಲ್ಲಿ ಸಮ್ಮೇಳನಗಳಿಗೇನು ಕಡಿಮೆ, ಠರಾವುಗಳಿಗೇನು ಬರ ಎಂದು ಅನುಭವಿಗಳು ಆಕ್ಷೇಪಿಸುವರು. ಆಕ್ಷೇಪವು ನ್ಯಾಯವಾದುದೇ. ಆದುದರಿಂದ ಈ ಸಮ್ಮೇಳನವನ್ನು ಬಂದವರ ಸಂಖ್ಯೆಯಿಂದಾಗಲಿ, ಪತ್ರಿಕೆಗಳಲ್ಲಿ ಬಂದ ಛಾಯಾಚಿತ್ರದಿಂದಾಗಲಿ ಅಳೆಯಕೂಡದು. ಒಂದು ವರ್ಷದ ತರುವಾಯ ಮೂರು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಸಂಸ್ಥೆಗಳ ತಾಣದ ಕೀಲಿಯು ಅವುಗಳ ಕೈಗೇ ಬಂದಿತು? ಎಷ್ಟು ತಾಣಗಳು ಕನ್ನಡದಲ್ಲಿ, ಹುಡುಕಿದರೆ ಸಿಕ್ಕುವಂತೆ, ಜೀವಂತವಾಗಿವೆ? ಮಾಸಿಕ ಕೂಟವು ಇನ್ನೂ ಸೇರುತ್ತಿದೆಯೇ? ಈ ಮೂರಕ್ಕೂ ಉತ್ತರ ಕೊಡಲಾಗದ ಸಮ್ಮೇಳನವು ಜಾತ್ರೆಯ ಮಿಠಾಯಿಯಂತೆ ಅಂದೇ ಕರಗಿಹೋದುದೆಂದು ತಿಳಿಯಬೇಕು.

ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಈ ಸೀಮೆಯ ಜನರು ಆಡಿಕೊಳ್ಳುವದುಂಟು. ಒಂದು ಬಯಲು ಬೆಳೆದರೆ ನೂರು ಮನೆಗಳ ಕಣಜ ತುಂಬುವದೆಂಬುದು ಅದರ ತಾತ್ಪರ್ಯ. ವಿದ್ಯೆಯ ಬೆಳೆಯೂ ಅಂಥದೇ. ಆದರೆ ಮಳೆಗಾಗಿ ಕಾಯುವಂತೆ ಅದಕ್ಕಾಗಿ ಮುಗಿಲು ನೋಡುತ್ತ ಕೂಡಬೇಕಾಗಿಲ್ಲ. ಬೀಜವು ಪುಕ್ಕಟೆಯಾಗಿ ಬಂದಿದೆ, ನೆಲವು ನಮ್ಮದಿದೆ. ಜಿಲ್ಲೆಯ ಶಿಕ್ಷಕರು, ಗ್ರಂಥಪಾಲಕರು, ಸಹಕಾರಿ ಧುರೀಣರು, ಅಧಿಕಾರಿಗಳು ಮುಂದಿನ ರವಿವಾರವೇ ನಾಲ್ಕು ಜನ ಕೂಡಿ ಮೊದಲ ಕೂಟವನ್ನು ಆರಂಭಿಸಲಿ. ಅವರು ಮೊಟ್ಟಮೊದಲು ವಿಚಾರಿಸತಕ್ಕ ಪ್ರಶ್ನೆ ಇದೊಂದೇ: ನಮ್ಮ ಸಂಸ್ಥೆಯ ತಾಣದ ಕೀಲಿಯು ಈ ಹೊತ್ತು ಯಾರ ಕೈಯಲ್ಲಿದೆ?